ಮೂತ್ರಕಟ್ಟು ಮತ್ತು ರಕ್ತ: ಪ್ರಾಸ್ಟೇಟ್ ಚಿಕಿತ್ಸೆಯ ಇತಿಹಾಸ

ಪುರುಷರ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿಯು ವಯಸ್ಸಾದಂತೆ ಬಹುಮಂದಿಯಲ್ಲಿ ಹಿಗ್ಗುತ್ತದೆ. ಹಿಗ್ಗಿದ ಗ್ರಂಥಿಯು ನಾಳವನ್ನು ಒತ್ತಿದಾಗ ಮೂತ್ರದ ಧಾರೆ ಕ್ಷೀಣಿಸುತ್ತದೆ, ಅದರ ಮೇಲಿನ ರಕ್ತನಾಳಗಳು ಒಡೆದಾಗ ಮೂತ್ರ ಕೆಂಪಾಗುತ್ತದೆ. ಕಟ್ಟಿದ ಮೂತ್ರವನ್ನು ಹೊರತೆಗೆಯುವ ಉಪಾಯ ಪ್ರಾಚೀನರಿಗೂ ತಿಳಿದಿತ್ತು. ರಕ್ತದ ಮೂಲವನ್ನು ಕಂಡು ಅದನ್ನು ಹತೋಟಿಗೆ ತರುವ ವಿದ್ಯೆ ಮಾತ್ರ ಬಹಳ ತಡವಾಗಿ ಕೈಗೂಡಿತು.

ಸುಶ್ರುತಸಂಹಿತೆಯ ಉತ್ತರತಂತ್ರವು ಮೂತ್ರಾಘಾತವನ್ನು, ಅಂದರೆ ಮೂತ್ರದ ತಡೆಯನ್ನು, ಹನ್ನೆರಡು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಗುದ ಮತ್ತು ಮೂತ್ರಕೋಶಗಳ ನಡುವೆ ಕಲ್ಲಿನಂತೆ ಗಟ್ಟಿಯಾಗುವ ಗಂಟಿಗೆ ವಾತಾಷ್ಠೀಲಾ ಎಂಬ ಹೆಸರಿದ್ದು, ಇಂದಿನ ಹಲವು ಆಯುರ್ವೇದ ವಿದ್ವಾಂಸರು ಅದನ್ನು ಪ್ರಾಸ್ಟೇಟ್ ಹಿಗ್ಗುವಿಕೆಗೆ ಹೋಲಿಸುತ್ತಾರೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೈ ನಗರದಲ್ಲಿ ಕಂಚಿನ ಕ್ಯಾತಿಟರ್‌ಗಳು, ಎಂದರೆ ಮೂತ್ರಕೋಶಕ್ಕೆ ತೂರಿಸುವ ಕೊಳವೆಗಳು, ದೊರೆತಿವೆ. ಆದರೆ ಕೊಳವೆಯು ಮೂತ್ರವನ್ನು ಹರಿಸುತ್ತಿತ್ತೇ ಹೊರತು ಗ್ರಂಥಿಯನ್ನು ಮುಟ್ಟುತ್ತಿರಲಿಲ್ಲ. ಪದೇ ಪದೇ ತೂರಿಸಿದಾಗ ಗಾಯ ಮತ್ತು ಸೋಂಕು ಉಂಟಾಗಿ ಅನೇಕ ವೃದ್ಧರು ಪ್ರಾಣ ಕಳೆದುಕೊಳ್ಳುತ್ತಿದ್ದರು.

ಜರ್ಮನಿಯ ವೈದ್ಯ ಮ್ಯಾಕ್ಸಿಮಿಲಿಯನ್ ನಿಟ್ಸೆ 1870ರ ದಶಕದ ಕೊನೆಯಲ್ಲಿ ಸಿಸ್ಟೋಸ್ಕೋಪನ್ನು, ಅಂದರೆ ಮೂತ್ರಕೋಶದ ಒಳಭಾಗವನ್ನು ಬೆಳಕಿನಲ್ಲಿ ತೋರಿಸುವ ನಳಿಕೆಯನ್ನು, ರೂಪಿಸಿದ ಮೇಲೆ ರಕ್ತ ಬರುವುದು ಪ್ರಾಸ್ಟೇಟಿನಿಂದಲೋ, ಕಲ್ಲಿನಿಂದಲೋ, ಮೂತ್ರಕೋಶದ ಗೆಡ್ಡೆಯಿಂದಲೋ ಎಂಬುದನ್ನು ಕಣ್ಣಾರೆ ನೋಡಿ ನಿರ್ಣಯಿಸುವುದು ಸಾಧ್ಯವಾಯಿತು. ಭಾರತದ ಬ್ರಿಟಿಷ್ ವೈದ್ಯಕೀಯ ಸೇವೆಯಲ್ಲಿ ಸುಮಾರು ಎರಡು ದಶಕ ದುಡಿದು ಲಂಡನ್ನಿನ ಸೇಂಟ್ ಪೀಟರ್ಸ್ ಆಸ್ಪತ್ರೆ ಸೇರಿದ ಐರ್ಲೆಂಡಿನ ಪೀಟರ್ ಫ್ರೇಯರ್, 1900ರ ಡಿಸೆಂಬರಿನಲ್ಲಿ ಮೂತ್ರಕೋಶವನ್ನು ತೆರೆದು ಹಿಗ್ಗಿದ ಭಾಗವನ್ನು ಬೆರಳಿನಿಂದ ಸುಲಿದು ತೆಗೆದರು. ನ್ಯೂಯಾರ್ಕಿನ ಯೂಜೀನ್ ಫುಲ್ಲರ್ ಇದೇ ವಿಧಾನವನ್ನು 1890ರ ದಶಕದಲ್ಲೇ ಅನುಸರಿಸಿದ್ದರೂ ಅದಕ್ಕೆ ವ್ಯಾಪಕ ಪ್ರಚಾರ ದೊರೆತದ್ದು ಫ್ರೇಯರ್ ಅವರಿಂದ.

ಶಸ್ತ್ರಕ್ರಿಯೆಯ ನಂತರದ ರಕ್ತಸ್ರಾವ ಮಾತ್ರ ದೊಡ್ಡ ಅಪಾಯವಾಗಿಯೇ ಉಳಿಯಿತು. ಅಮೆರಿಕದ ಫ್ರೆಡರಿಕ್ ಫೋಲಿ ರೂಪಿಸಿದ, ತುದಿಯಲ್ಲಿ ಬಲೂನುಳ್ಳ ಕ್ಯಾತಿಟರಿನ ಮೂಲ ಉದ್ದೇಶವೇ ಗ್ರಂಥಿ ತೆಗೆದ ಜಾಗವನ್ನು ಒತ್ತಿಹಿಡಿದು ರಕ್ತ ನಿಲ್ಲಿಸುವುದಾಗಿತ್ತು. 1926ರಲ್ಲಿ ಮ್ಯಾಕ್ಸಿಮಿಲಿಯನ್ ಸ್ಟರ್ನ್ ರಚಿಸಿ, 1930ರ ದಶಕದ ಆರಂಭದಲ್ಲಿ ಜೋಸೆಫ್ ಮೆಕಾರ್ಥಿ ಸುಧಾರಿಸಿದ ರಿಸೆಕ್ಟೋಸ್ಕೋಪ್ ಹೊಟ್ಟೆ ಕೊಯ್ಯದೆ ಮೂತ್ರನಾಳದ ಮೂಲಕವೇ ಗ್ರಂಥಿಯನ್ನು ವಿದ್ಯುತ್ ತಂತಿಯಿಂದ ಕತ್ತರಿಸಿ, ರಕ್ತ ಜಿನುಗುವ ಬಾಯಿಗಳನ್ನು ಸುಟ್ಟು ಮುಚ್ಚುವ ಮಾರ್ಗವನ್ನು ತೆರೆಯಿತು. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಿನಾಸ್ಟರೈಡ್ ಮಾತ್ರೆಯು ಗ್ರಂಥಿಯನ್ನು ಕುಗ್ಗಿಸುವುದಲ್ಲದೆ ಅದರಿಂದಾಗುವ ರಕ್ತಸ್ರಾವವನ್ನೂ ತಗ್ಗಿಸುತ್ತದೆ.

ಇಷ್ಟೆಲ್ಲ ಸಾಧನಗಳು ಒದಗಿರುವ ಕಾಲದಲ್ಲಿಯೂ ಸಂಕೋಚದಿಂದ ಬಾಯಿ ಬಿಡದ ಹಿರಿಯರಿಗೆ ಅವುಗಳ ಫಲ ದಕ್ಕುವುದಿಲ್ಲ. ನೋವಿಲ್ಲದೆ ಒಮ್ಮೆ ಕಂಡು ಮರೆಯಾದ ರಕ್ತವೂ ಮೂತ್ರಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದಾದ್ದರಿಂದ, ಅದನ್ನು ಮುಪ್ಪಿನ ಸಹಜ ಲಕ್ಷಣವೆಂದು ಭಾವಿಸದೆ ತಡಮಾಡದೆ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು.