ಹರಿಹರದ ಅಳತೆ, ಬ್ಯಾಟರಿಯ ತಾಕತ್ತು

1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸಿತು. ಲೇತಿನ ಕೆಲಸ ಕಣ್ಣಂದಾಜಿನಲ್ಲಿ ನಡೆಯುವುದಿಲ್ಲ, ಅಳತೆ ಬೇಕು. ಆ ಕಾರ್ಖಾನೆ ಮುಚ್ಚಿಹೋಗಿದೆ. ಅಳೆದು ನೋಡುವ ಅಭ್ಯಾಸವನ್ನಾದರೂ ನಾವು ಉಳಿಸಿಕೊಳ್ಳಬೇಕಲ್ಲವೇ?

ಮರುಚಾರ್ಜ್ ಮಾಡಬಲ್ಲ ಸೀಸದ ಬ್ಯಾಟರಿಯನ್ನು 1859ರಲ್ಲಿ ರೂಪಿಸಿದವರು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. ಕರೆಂಟನ್ನು ಜೋರಾಗಿ ಎಳೆದಷ್ಟೂ ಅದರಿಂದ ಸಿಗುವ ಒಟ್ಟು ಪಾಲು ಕುಗ್ಗುತ್ತದೆಂದು 1897ರಲ್ಲಿ ಜರ್ಮನಿಯ ಪ್ಯೂಕರ್ಟ್ ತೋರಿಸಿದರು.

ಇಂದು ದಾವಣಗೆರೆಯಲ್ಲಿ ಹಳೆಯ ಬ್ಯಾಟರಿ ಕೊಂಡು ಮನೆಯಲ್ಲೇ ಮೋಟಾರ್ ಜೋಡಿಸುವ ಹುಡುಗನಿಗೂ ಈ ಪಾಠ ಬೇಕು. ಮೀಟರಿನಲ್ಲಿ 12.6 ವೋಲ್ಟ್ ಕಂಡ ಮಾತ್ರಕ್ಕೆ ದುಡ್ಡು ಕೊಡಬಾರದು. ಪೂರ್ತಿ ಚಾರ್ಜ್ ಮಾಡಿ, ಒಂದೇ ಸಮನೆ 2 ಆಂಪಿಯರ್ ಎಳೆಯಬೇಕು. 10.5 ವೋಲ್ಟಿಗೆ ಇಳಿಯಲು 3 ಗಂಟೆ ಹಿಡಿದರೆ, ಅದರ ತಾಕತ್ತು 6 ಆಂಪಿಯರ್-ಗಂಟೆ. ಬಡವನ ಕಾಸು ಉಳಿಯುವುದು ಇಂತಹ ಪರೀಕ್ಷೆಯಿಂದಲೇ.