ಗೊರಕೆಗೂ ಒಂದು ಚರಿತ್ರೆ

'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅಂತಾರಲ್ಲ, ಆ ಗಾದೆ ಕಟ್ಟಿದವರು ಸಂತೆಯಲ್ಲಿ ಮಲಗಿದ್ದವನನ್ನು ಎಬ್ಬಿಸಿ ಒಂದು ಮಾತು ಕೇಳಿರಲಿಕ್ಕಿಲ್ಲ: ರಾತ್ರಿ ನಿದ್ದೆ ಹೆಂಗಿತ್ತು ಮಾರಾಯ? ಹಾಡಹಗಲು, ಗದ್ದಲದ ಮಧ್ಯೆ, ಕೂತಲ್ಲೇ ತಲೆ ವಾಲಿಸಿ ಗೊರಕೆ ಹೊಡೆಯುವ ಮನುಷ್ಯ ನಮಗೆ ಸುಖಪುರುಷನ ಹಾಗೆ ಕಾಣ್ತಾನೆ. ಇಲ್ಲಾ ಸೋಮಾರಿಯ ಹಾಗೆ. ಕುಂಭಕರ್ಣನಿಂದ ಹಿಡಿದು ಮೊನ್ನೆ ಮೊನ್ನೆಯ ಸಿನಿಮಾ ಕಾಮಿಡಿಯವರೆಗೆ ಗೊರಕೆ ಅಂದರೆ ನಗು, ಅಷ್ಟೇ. ಅದು ಕಾಯಿಲೆಯ ಸದ್ದೂ ಆಗಿರಬಹುದು, ಆ ಸದ್ದಿನ ನಡುನಡುವೆ ಉಸಿರೇ ನಿಂತು ಹೋಗ್ತಿರಬಹುದು ಅಂತ ವೈದ್ಯಲೋಕ ಅಳೆದು ನೋಡಿ ತಿಳಿದುಕೊಂಡದ್ದು 1965ರ ಆಸುಪಾಸಿನಲ್ಲಿ. ಹೃದಯದ ಆಪರೇಶನ್ ಆಗಲೇ ಶುರುವಾಗಿತ್ತು, ಬಾಹ್ಯಾಕಾಶಕ್ಕೆ ಮನುಷ್ಯ ಹೋಗಿ ಬಂದಾಗಿತ್ತು. ಪ್ರತಿ ರಾತ್ರಿ ಪಕ್ಕದ ಹಾಸಿಗೆಯಲ್ಲೇ ನಡೆಯೋದು ಗೊತ್ತಾಗೋಕೆ ಮಾತ್ರ ಇಷ್ಟು ತಡ ಯಾಕೆ?

ಹಾಗಂತ ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಂತಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ, ಈಗಿನ ಟರ್ಕಿಯ ಕಪ್ಪು ಸಮುದ್ರದ ದಡದಲ್ಲಿ, ಹೆರಾಕ್ಲಿಯಾ ಅನ್ನೋ ಗ್ರೀಕ್ ಪಟ್ಟಣವನ್ನು ಡಯೊನಿಸಿಯಸ್ ಅನ್ನೋನು ಆಳುತ್ತಿದ್ದ. ತಿಂದು ತಿಂದು ವಿಪರೀತ ಬೆಳೆದಿದ್ದ. ಮೈ ಕಾಣಬಾರದು ಅಂತ ಎದುರಿಗೆ ಒಂದು ಪೆಟ್ಟಿಗೆ ಇಟ್ಟುಕೊಂಡು, ಮುಖ ಮಾತ್ರ ಹೊರಗೆ ತೋರಿಸಿ ನ್ಯಾಯ ಹೇಳ್ತಿದ್ದನಂತೆ. ಇವನಿಗೆ ಉಸಿರು ಕಟ್ಟುವ ಕಾಟ. ನಿದ್ದೆ ಗಾಢವಾದರೆ ಎಲ್ಲಿ ಪ್ರಾಣ ಹೋಗುತ್ತೋ ಅಂತ ವೈದ್ಯರು ಒಂದು ಉಪಾಯ ಮಾಡಿದರು. ಉದ್ದನೆಯ ಸಣ್ಣ ಸೂಜಿಗಳು. ದೊರೆ ಆಳವಾದ ನಿದ್ದೆಗೆ ಜಾರಿದ ಕೂಡಲೇ ಪಕ್ಕೆಗೋ ಹೊಟ್ಟೆಗೋ ಚುಚ್ಚೋದು. ಕೊಬ್ಬಿನ ಪದರ ದಾಟುವ ತನಕ ಅವನಿಗೆ ಏನೂ ತಿಳೀತಿರಲಿಲ್ಲ. ಒಳಗಿನ ಮಾಂಸಕ್ಕೆ ತಾಗಿದಾಗ ಎಚ್ಚರ. ಸುಮಾರು ಐನೂರು ವರ್ಷಗಳ ನಂತರ ಅಥಿನೇಯಸ್ ಅನ್ನೋ ಲೇಖಕ ಹಳೆಯ ಇತಿಹಾಸಕಾರನೊಬ್ಬನ ಮಾತು ಹಿಡಿದು ಇದನ್ನು ದಾಖಲಿಸಿದ್ದಾನೆ. ಎಂಬೆಡೆಡ್ ಕೆಲಸ ಮಾಡಿದವರಿಗೆ ವಾಚ್‌ಡಾಗ್ ಟೈಮರ್ ನೆನಪಾಗಬೇಕು: ಸಿಸ್ಟಂ ಹ್ಯಾಂಗ್ ಆದರೆ ತಟ್ಟಿ ರೀಸ್ಟಾರ್ಟ್ ಮಾಡೋ ಸರ್ಕ್ಯೂಟು. ಎರಡು ಸಾವಿರದ ಮುನ್ನೂರು ವರ್ಷ ಹಿಂದಿನ ಆ ವೈದ್ಯರು ಮಾಡಿದ್ದು ಅದನ್ನೇ.

ಆಮೇಲೆ ಶತಮಾನಗಟ್ಟಲೆ ಇದು ವೈದ್ಯರ ಕೈಯಿಂದ ಜಾರಿ ಕತೆಗಾರರ ಕೈಗೆ ಬಿತ್ತು. 1836–37ರಲ್ಲಿ ಕಂತು ಕಂತಾಗಿ ಬಂದ 'ಪಿಕ್ವಿಕ್ ಪೇಪರ್ಸ್' ಕಾದಂಬರಿಯಲ್ಲಿ ಚಾರ್ಲ್ಸ್ ಡಿಕನ್ಸ್ ಜೋ ಅನ್ನೋ ಆಳುಹುಡುಗನನ್ನು ಸೃಷ್ಟಿಸಿದ. ದಢೂತಿ, ಕೆಂಪು ಮುಖ, ಸದಾ ಹಸಿವು, ಊಟ ಬಡಿಸುವಾಗಲೂ ಗೊರಕೆ. ಯಜಮಾನ ಬೈದು ಎಬ್ಬಿಸೋದು, ಓದುಗರು ನಗೋದು. ಡಿಕನ್ಸ್‌ಗೆ ಕಾಯಿಲೆ ಗೊತ್ತಿತ್ತೋ ಇಲ್ಲವೋ, ಕಂಡದ್ದನ್ನು ಕಂಡ ಹಾಗೆ ಬರೆದ.

ಆ ಹುಡುಗ 1956ರಲ್ಲಿ ವೈದ್ಯಕೀಯ ಪತ್ರಿಕೆಗೆ ಬಂದ. ಬಾಸ್ಟನ್‌ನ ಸಿಡ್ನಿ ಬರ್ವೆಲ್ ಮತ್ತು ಸಂಗಡಿಗರು 51 ವರ್ಷದ ಒಬ್ಬ ಕಂಪನಿ ಅಧಿಕಾರಿಯ ಕೇಸು ಬರೆದರು. ತೂಕ ಸುಮಾರು 120 ಕೆಜಿ. ವಾರಕ್ಕೊಮ್ಮೆ ಪೋಕರ್ ಆಡೋ ಅಭ್ಯಾಸ. ಒಂದು ದಿನ ಕೈಗೆ ಮೂರು ಎಕ್ಕ, ಎರಡು ರಾಜ ಬಂತು. ಇಸ್ಪೀಟು ಬಲ್ಲವರಿಗೆ ಆ ಕೈಯ ಬೆಲೆ ಗೊತ್ತು. ಪುಣ್ಯಾತ್ಮ ಅದನ್ನು ಹಿಡಿದುಕೊಂಡೇ ನಿದ್ದೆ ಹೋದ, ಆಟ ಕೈತಪ್ಪಿತು. ಕೆಲವು ದಿನಗಳಲ್ಲಿ ಆಸ್ಪತ್ರೆ ಸೇರಿದ. ವೈದ್ಯರು ಇದಕ್ಕೆ ಜೋನ ನೆನಪಿನಲ್ಲಿ 'ಪಿಕ್ವಿಕಿಯನ್ ಸಿಂಡ್ರೋಮ್' ಅಂತ ಕರೆದರು. ಬೊಜ್ಜಿನ ಭಾರಕ್ಕೆ ಎದೆ ಸರಿಯಾಗಿ ಏಳೋದಿಲ್ಲ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತೆ, ಅದರಿಂದ ಹಗಲು ತೂಕಡಿಕೆ ಅಂತ ಅವರ ವಾದ. ಅಂಥ ರೋಗಿಗಳೂ ನಿಜಕ್ಕೂ ಇದ್ದಾರೆ, ಆ ಕಾಯಿಲೆಗೆ ಇವತ್ತು ಬೇರೆ ಹೆಸರಿದೆ. ಆದರೆ ತೂಕಡಿಕೆಯ ಕಾರಣವನ್ನು ಅವರು ಹುಡುಕಿದ್ದು ಹಗಲಿನಲ್ಲಿ. ರೋಗಿ ಎಚ್ಚರ ಇದ್ದಾಗ ರಕ್ತ ತೆಗೆದು, ಎಚ್ಚರ ಇದ್ದಾಗ ಉಸಿರು ಅಳೆದು.

ತಡವಾಗಿದ್ದರ ಗುಟ್ಟು ಇಲ್ಲೇ ಇದೆ ಅಂತ ನನ್ನ ಲೆಕ್ಕ. ನಮ್ಮ ಕೆಲಸದಲ್ಲಿ ಕೆಲವು ಬಗ್‌ಗಳು ಹೀಗೇ. ಹಗಲು ಹೊತ್ತು ಟೆಸ್ಟ್ ಮಾಡಿದರೆ ಎಲ್ಲಾ ಸರಿ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್‌ನಲ್ಲಿ ಮಾತ್ರ ಬೀಳುತ್ತೆ. ಲಾಗ್ ಇಲ್ಲದೆ ಹೋದರೆ ಜನ್ಮದಲ್ಲಿ ಸಿಗಲ್ಲ. ಗೊರಕೆ ಹೊಡೆಯೋನಿಗೆ ತನ್ನ ಗೊರಕೆ ಕೇಳಿಸಲ್ಲ. ವೈದ್ಯರು ಸಂಜೆಗೆ ಮನೆಗೆ ಹೋಗ್ತಾರೆ. ರಾತ್ರಿಯಿಡೀ ಕೇಳಿಸಿಕೊಳ್ಳೋ ಒಬ್ಬಳೇ ಸಾಕ್ಷಿ ಹೆಂಡತಿ, ಅವಳನ್ನು ಯಾರೂ ಕರೆದು ಕೇಳಲಿಲ್ಲ.

ಕೊನೆಗೆ ಲಾಗ್ ಹಾಕಿದವರು ಶ್ವಾಸಕೋಶದ ಡಾಕ್ಟರುಗಳೂ ಅಲ್ಲ, ಮಿದುಳಿನ ಡಾಕ್ಟರುಗಳು. ಮೂರ್ಛೆರೋಗದ ಕೆಲಸಕ್ಕೆ ಹೆಸರಾಗಿದ್ದ ಹೆನ್ರಿ ಗಾಸ್ಟೊ ಫ್ರಾನ್ಸಿನ ಮಾರ್ಸೇಯ್‌ನಲ್ಲಿ, ಯುಂಗ್ ಮತ್ತು ಕೂಲೊ ಜರ್ಮನಿಯ ಫ್ರೈಬರ್ಗ್‌ನಲ್ಲಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಬೇರೆ ಬೇರೆಯಾಗಿ, ಇಂಥ ರೋಗಿಗಳನ್ನು ಮಲಗಿಸಿ ಮಿದುಳಿನ ಅಲೆಗಳ ಜೊತೆಗೆ ಉಸಿರನ್ನೂ ಕಾಗದದ ಮೇಲೆ ಗೀಚಿಸಿದರು. ಎದೆ, ಹೊಟ್ಟೆ ಒದ್ದಾಡ್ತಾ ಇವೆ, ಗಾಳಿ ಮಾತ್ರ ಒಳಗೆ ಹೋಗ್ತಿಲ್ಲ. ಹತ್ತು ಸೆಕೆಂಡು, ಇಪ್ಪತ್ತು, ಮೂವತ್ತು. ಆಮೇಲೆ ಮಿದುಳು ಒಂದು ಚಣ ಎಚ್ಚರಾಗುತ್ತೆ, ಗಂಟಲು ಗೊರ್ರ್ ಅಂತ ತೆರೆಯುತ್ತೆ, ಎರಡು ಉಸಿರು, ಮತ್ತೆ ನಿದ್ದೆ, ಮತ್ತೆ ಬಂದ್. ರಾತ್ರಿಗೆ ನೂರಾರು ಸಲ. ಬೆಳಿಗ್ಗೆ ಅವನಿಗೆ ಒಂದೂ ನೆನಪಿರಲ್ಲ. ಸಂತೆಯಲ್ಲಿ ನಿದ್ದೆ ಬರದೆ ಇನ್ನೇನಾದೀತು?

ಗಂಟಲು ಯಾಕೆ ಮುಚ್ಚುತ್ತೆ ಅನ್ನೋದನ್ನು ಪಂಪ್‌ಸೆಟ್ ನೋಡಿ ಬೆಳೆದವರಿಗೆ ಹೇಳೋದು ಸುಲಭ. ಹೊಳೆಗೋ ಬಾವಿಗೋ ಇಳಿಬಿಡೋ ಸಕ್ಷನ್ ಪೈಪ್ ಗಟ್ಟಿ ಇರಬೇಕು, ಒಳಗೆ ಸುರುಳಿ ಸುತ್ತಿರಬೇಕು. ತೋಟಕ್ಕೆ ನೀರು ಬಿಡೋ ಚಪ್ಪಟೆ ಪೈಪನ್ನು ಆ ಕಡೆ ಹಾಕಿದರೆ ಮೋಟರ್ ಎಳೆದ ತಕ್ಷಣ ಪಚ್ಚಂತ ಅಂಟಿಕೊಳ್ಳುತ್ತೆ. ನಮ್ಮ ಶ್ವಾಸನಾಳದಲ್ಲಿ ಗಟ್ಟಿ ಬಳೆಗಳಿವೆ, ಮೂಗಿಗೆ ಮೂಳೆ ಇದೆ. ಮಧ್ಯದ ಗಂಟಲು ಮಾತ್ರ ಮೆತ್ತನೆಯ ಚಪ್ಪಟೆ ಪೈಪು. ಅದನ್ನು ತೆರೆದು ಹಿಡಿಯೋದು ಸ್ನಾಯುಗಳು, ಅವು ನಿದ್ದೆಯಲ್ಲಿ ಸಡಿಲಾಗ್ತವೆ. ಸ್ವಲ್ಪ ಮುಚ್ಚಿದರೆ ಅಂಚುಗಳು ಪಟಪಟ ಬಡಿದು ಗೊರಕೆ. ಪೂರ್ತಿ ಮುಚ್ಚಿದರೆ ಸದ್ದೇ ಇಲ್ಲ. ಕುತ್ತಿಗೆಯ ಕೊಬ್ಬು, ಹಿಂದಕ್ಕೆ ಸರಿದ ದವಡೆ, ದೊಡ್ಡ ಟಾನ್ಸಿಲ್, ಮಲಗೋ ಮುಂಚೆ ಹಾಕಿದ ಎರಡು ಪೆಗ್, ಇವೆಲ್ಲ ಪೈಪನ್ನು ಇನ್ನಷ್ಟು ಕಿರಿದು ಮಾಡ್ತವೆ. ಗೊರಕೆ ಹೊಡೆಯೋರಿಗೆಲ್ಲ ಈ ಕಾಯಿಲೆ ಇರಲ್ಲ. ಗಮನಿಸಬೇಕಾದ್ದು ಗೊರಕೆ ನಡುವಿನ ಮೌನವನ್ನು.

ತಿಪಟೂರು ಸೀಮೆಯ ನಮ್ಮೂರಲ್ಲಿ ನನ್ನ ದೊಡ್ಡಪ್ಪನ ಗೊರಕೆ ಫೇಮಸ್ಸು. ಜಗಲಿ ಮೇಲೆ ಮಲಗಿದರೆ ಬೀದಿ ಕೊನೇವರೆಗೂ ಕೇಳೋದು, ಹುಡುಗರಾದ ನಾವು ಟ್ರ್ಯಾಕ್ಟರ್ ಸ್ಟಾರ್ಟ್ ಆಯ್ತು ಅಂತ ನಗೋದು. ಐವತ್ತೆಂಟಕ್ಕೆ ಒಂದು ದಿನ ಬೆಳಿಗ್ಗೆ ಏಳಲಿಲ್ಲ. ನಿದ್ದೇಲೇ ಹೋದ, ಪುಣ್ಯವಂತ ಅಂದರು ಎಲ್ಲರೂ. ದೊಡ್ಡಮ್ಮ ಆಗ ಮಗಳ ಬಾಣಂತನಕ್ಕೆ ಅಂತ ಬೇರೆ ಊರಲ್ಲಿದ್ದಳು. ಎಷ್ಟೋ ವರ್ಷದ ಮೇಲೆ, ನಾನು ಈ ವಿಷಯ ಓದ್ತಾ ಇದ್ದ ದಿನಗಳಲ್ಲಿ, ಅವಳನ್ನು ಕೇಳಿದೆ. "ಉಸ್ರು ನಿಂತೋಗದು ಕಣಪ್ಪ. ಮೊಣಕೈಲಿ ತಿವಿಯೋಳು, ಮತ್ತೆ ಬರದು. ದಿನಾ ರಾತ್ರಿ ನಂಗದೇ ಕೆಲ್ಸ" ಅಂದಳು. ದೊಡ್ಡಪ್ಪನಿಗೆ ಬಿಪಿ ಇತ್ತು, ಬೀಡಿ ಇತ್ತು, ಹೃದಯ ಯಾಕೆ ನಿಂತಿತು ಅಂತ ಈಗ ಯಾರೂ ಹೇಳೋಕೆ ಬರಲ್ಲ. ಡಯೊನಿಸಿಯಸ್‌ನ ಸೂಜಿಯ ಕತೆ ಓದಿದಾಗ ನನಗೆ ಕಂಡದ್ದು ಮಾತ್ರ ಆ ಮೊಣಕೈ.

ಬಿಪಿಯ ಎಳೆ ಹಿಡಿದವರು ಇಟಲಿಯ ಬೊಲೊನ್ಯದ ಎಲಿಯೊ ಲುಗರೇಸಿ. ಉಸಿರು ನಿಂತಾಗಲೆಲ್ಲ ರಕ್ತದ ಆಮ್ಲಜನಕ ಇಳಿಯುತ್ತೆ, ಮೈ ಗಾಬರಿಯಾಗಿ ಅಡ್ರಿನಲಿನ್ ಸುರಿಯುತ್ತೆ, ರಕ್ತದೊತ್ತಡ ಜಿಗಿಯುತ್ತೆ. ಅವರ ತಂಡ ಪುಟ್ಟ ದೇಶ ಸ್ಯಾನ್ ಮರಿನೋದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ಗೊರಕೆ ಲೆಕ್ಕ ತೆಗೆದು, ದಿನಾ ಗೊರಕೆ ಹೊಡೆಯೋರಲ್ಲಿ ಬಿಪಿ ಜಾಸ್ತಿ ಅಂತ 1980ರಲ್ಲಿ ಪ್ರಕಟಿಸಿತು. ಅಷ್ಟರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಫ್ರಾನ್ಸಿನಿಂದ ಬಂದಿದ್ದ ಕ್ರಿಶ್ಚಿಯನ್ ಗಿಯೆಮಿನೊ ಮತ್ತು ಜೊತೆಗಾರರು 1976ರಲ್ಲಿ ಇದಕ್ಕೆ 'ಸ್ಲೀಪ್ ಆಪ್ನಿಯಾ' ಅನ್ನೋ ಹೆಸರು ನಿಲ್ಲಿಸಿದ್ದರು. ದಪ್ಪಗಿಲ್ಲದವರಿಗೂ, ಮಕ್ಕಳಿಗೂ ಬರುತ್ತೆ ಅಂತ ಒತ್ತಿ ಹೇಳಿದವರೂ ಅವರೇ.

ರೋಗಕ್ಕೆ ಹೆಸರು ಸಿಕ್ಕಿತು, ಔಷಧ ಇರಲಿಲ್ಲ. ತೂಕ ಇಳಿಸು ಅನ್ನೋದು ಬಿಟ್ಟರೆ ಉಳಿದದ್ದು ಟ್ರೇಕಿಯಾಸ್ಟಮಿ: ಕುತ್ತಿಗೆಯಲ್ಲಿ ತೂತು ಮಾಡಿ, ಮುಚ್ಚಿಕೊಳ್ಳೋ ಗಂಟಲನ್ನೇ ಬಿಟ್ಟು, ಕೆಳಗಿನಿಂದ ಉಸಿರಾಡೋದು. 1969ರಲ್ಲಿ ಕೂಲೊ ತಂಡ ಇದನ್ನು ಮಾಡಿ ತೋರಿಸಿತು. ತಕ್ಷಣ ಗುಣ. ಆದರೆ ಹಗಲು ಬಿರಡೆ ಹಾಕಿಕೊಂಡು, ರಾತ್ರಿ ತೆಗೆದು, ಈಜೋ ಹಾಗಿಲ್ಲ, ಸೋಂಕಿನ ಭಯ. ಗೊರಕೆಗೆ ಕತ್ತು ಕೊಯ್ಸಿಕೋ ಅಂದರೆ ಯಾರು ಒಪ್ತಾರೆ?

ಒಪ್ಪದ ಒಬ್ಬನಿಂದಲೇ ಮುಂದಿನ ಕತೆ. 1980ರ ಜೂನ್, ಸಿಡ್ನಿ. ಕಾಲಿನ್ ಸಲಿವನ್ ಅನ್ನೋ ಡಾಕ್ಟರು ಕೆನಡಾದ ಟೊರಾಂಟೊದಲ್ಲಿ ನಾಯಿಗಳ ನಿದ್ದೆ, ಉಸಿರಾಟ ಅಭ್ಯಾಸ ಮಾಡಿ ಊರಿಗೆ ಮರಳಿದ್ದರು. ಕತ್ತಿನ ಆಪರೇಶನ್ ಬೇಡವೇ ಬೇಡ ಅಂದ ರೋಗಿಯೊಬ್ಬ ಒಂದು ರಾತ್ರಿಯ ಪ್ರಯೋಗಕ್ಕೆ ಒಪ್ಪಿದ. ವ್ಯಾಕ್ಯೂಮ್ ಕ್ಲೀನರ್ ಮೋಟರನ್ನು ಉಲ್ಟಾ ಜೋಡಿಸಿ, ಎಳೆಯೋ ಬದಲು ಊದೋ ಹಾಗೆ ಮಾಡಿ, ಮೂಗಿಗೆ ಮಾಸ್ಕ್ ಅಂಟಿಸಿ ಗಾಳಿ ಬಿಟ್ಟರು. ಹೆಚ್ಚೇನಲ್ಲ, ಗ್ಲಾಸಿನಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ತಳಕ್ಕೆ ಬೀಳೋಷ್ಟು ಒತ್ತಡ. ಗಂಟಲು ತೆರೆದುಕೊಂಡಿತು. ಒತ್ತಡ ಇಳಿಸಿದರೆ ಮುಚ್ಚುತ್ತೆ, ಏರಿಸಿದರೆ ತೆರೆಯುತ್ತೆ. ಆಸಾಮಿ ರಾತ್ರಿಯಿಡೀ ಮಲಗಿ ಬೆಳಿಗ್ಗೆ ಚುರುಕಾಗಿ ಎದ್ದ. ನಮ್ಮ ಪೈಪಿನ ಭಾಷೆಯಲ್ಲಿ ಹೇಳೋದಾದರೆ ಸಲಿವನ್ ಗಂಟಲನ್ನು ಸಕ್ಷನ್ ಕಡೆಯಿಂದ ಡೆಲಿವರಿ ಕಡೆಗೆ ದಾಟಿಸಿದರು. ಅಲ್ಲಿ ಚಪ್ಪಟೆ ಪೈಪೂ ಉಬ್ಬಿ ನಿಲ್ಲುತ್ತೆ. ಐವರು ರೋಗಿಗಳ ಆ ವರದಿ 1981ರ ಏಪ್ರಿಲ್‌ನಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಇವತ್ತು ಸಿಪ್ಯಾಪ್ ಅನ್ನೋದು ಅದನ್ನೇ. ಮೊದಲ ಯಂತ್ರಗಳ ಸದ್ದು ಗೊರಕೆಗೆ ಪೈಪೋಟಿ ಕೊಡ್ತಿತ್ತು, ಮಾಸ್ಕನ್ನು ದಿನಾ ರಾತ್ರಿ ಗೋಂದಿನಿಂದ ಅಂಟಿಸಬೇಕಿತ್ತು. ಆದರೂ ಜನ ಅದನ್ನು ಹೊತ್ತುಕೊಂಡು ಹೋದರು ಅಂದರೆ ಹಗಲಿನ ಎಚ್ಚರದ ರುಚಿ ಎಂಥದ್ದಿರಬೇಕು. (ಸದ್ದು ಅಡಗಿಸೋಕೆ ಅಂತ ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದು ಅಂತ 2021ರಲ್ಲಿ ಫಿಲಿಪ್ಸ್ ಲಕ್ಷಾಂತರ ಯಂತ್ರ ವಾಪಸ್ ಕರೆಸಬೇಕಾಯ್ತು, ಅದು ಬೇರೆ ಕತೆ.)

ಇದು ಅಪರೂಪದ ಕಾಯಿಲೆ ಅನ್ನೋ ಭ್ರಮೆ ಹರಿದದ್ದು 1993ರಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 30ರಿಂದ 60 ವಯಸ್ಸಿನ 602 ಸರ್ಕಾರಿ ನೌಕರರನ್ನು ಲ್ಯಾಬಿನಲ್ಲಿ ಮಲಗಿಸಿ ನೋಡಿದರು. ಗಂಟೆಗೆ ಐದು ಸಲವೋ ಹೆಚ್ಚೋ ಉಸಿರು ನಿಲ್ಲೋದು, ಕುಗ್ಗೋದು 24% ಗಂಡಸರಲ್ಲಿ, 9% ಹೆಂಗಸರಲ್ಲಿ. 2019ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ಹೀಗಿರುವ ವಯಸ್ಕರು 90 ಕೋಟಿಗೂ ಮೇಲೆ. ನಮ್ಮಲ್ಲಿ ಈ ಹೆಸರು ಟಿವಿ ನ್ಯೂಸಿಗೆ ಬಂದದ್ದು 2022ರ ಫೆಬ್ರವರಿಯಲ್ಲಿ ಬಪ್ಪಿ ಲಹರಿ ತೀರಿಕೊಂಡಾಗ. ದ್ವಾರಕೀಶ್ ಅವರ 'ಆಫ್ರಿಕಾದಲ್ಲಿ ಶೀಲಾ'ಕ್ಕೆ ಸಂಗೀತ ಕೊಟ್ಟ ಅದೇ ಬಪ್ಪಿ. ಆಸ್ಪತ್ರೆಯವರು ಸಾವಿನ ಕಾರಣವಾಗಿ ಹೇಳಿದ್ದು ಸ್ಲೀಪ್ ಆಪ್ನಿಯಾ.

ಸಿಪ್ಯಾಪ್ ಹಾಕಿದರೆ ಹೃದಯ ಬಚಾವ್ ಅಂತಲೂ ಹೇಳೋ ಹಾಗಿಲ್ಲ. ಹೃದಯದ ಅಥವಾ ಮಿದುಳಿನ ರಕ್ತನಾಳದ ತೊಂದರೆ ಮೊದಲೇ ಇದ್ದ 2,700ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 'ಸೇವ್' ಅಧ್ಯಯನ 2016ರಲ್ಲಿ ಹೊರಬಂತು. ತೂಕಡಿಕೆ ಹೋಯ್ತು, ಮನಸ್ಸು ಹಗುರಾಯ್ತು. ಹಾರ್ಟ್ ಅಟ್ಯಾಕು, ಸ್ಟ್ರೋಕು ಮಾತ್ರ ಕಡಿಮೆಯಾಗಲಿಲ್ಲ. ಅವರು ಮಾಸ್ಕ್ ಹಾಕಿದ್ದು ರಾತ್ರಿಗೆ ಸರಾಸರಿ 3.3 ಗಂಟೆ. ಅರ್ಧ ರಾತ್ರಿ ಹೆಲ್ಮೆಟ್ ಹಾಕಿದ ಲೆಕ್ಕ ಅಂತ ಒಂದು ಗುಂಪು, ಯಂತ್ರದ ಮೇಲೆ ಅತಿ ನಂಬಿಕೆ ಬೇಡ ಅಂತ ಇನ್ನೊಂದು. ಜಗಳ ಮುಗಿದಿಲ್ಲ. ಹಗಲು ಎಚ್ಚರ ಇರೋದೇ, ಅದರಲ್ಲೂ ಸ್ಟಿಯರಿಂಗ್ ಹಿಂದೆ, ಸಾಕಷ್ಟು ದೊಡ್ಡ ಲಾಭ ಅಂತ ನನಗನ್ನಿಸುತ್ತೆ.

ಈಗ ದಾರಿಗಳು ಬಹಳ ಇವೆ. ಬೆರಳಿಗೊಂದು, ಮೂಗಿಗೊಂದು, ಎದೆಗೊಂದು ಸೆನ್ಸರ್ ಹಾಕಿಕೊಂಡು ಮನೆಯಲ್ಲೇ ಮಲಗಿ ಟೆಸ್ಟ್ ಮಾಡಿಸಬಹುದು. ಕಷ್ಟದ ಕೇಸುಗಳಿಗೆ ಸ್ಲೀಪ್ ಲ್ಯಾಬ್. ಸೌಮ್ಯವಾಗಿದ್ದರೆ ಮಗ್ಗುಲಾಗಿ ಮಲಗೋದು, ದವಡೆ ಮುಂದೆ ಹಿಡಿಯೋ ಹಲ್ಲಿನ ಸೆಟ್ಟು. ಮಕ್ಕಳಲ್ಲಿ ಟಾನ್ಸಿಲ್ ತೆಗೆದರೆ ಹೆಚ್ಚಿನವರಿಗೆ ಸರಿಹೋಗುತ್ತೆ. ಅಂಗುಳಿನ ಆಪರೇಶನ್ 80ರ ದಶಕದಲ್ಲಿ ಭರ್ಜರಿಯಾಗಿ ನಡೆದು, ಫಲ ಎಲ್ಲರಿಗೂ ಸಿಗದೆ ತಣ್ಣಗಾಯ್ತು. 2024ರ ಡಿಸೆಂಬರ್‌ನಲ್ಲಿ ಅಮೆರಿಕ ತೂಕ ಇಳಿಸೋ ಇಂಜೆಕ್ಷನ್ ಟಿರ್ಜೆಪಟೈಡನ್ನು ಬೊಜ್ಜಿರುವ ಆಪ್ನಿಯಾ ರೋಗಿಗಳಿಗೆ ಒಪ್ಪಿತು. ಈ ಕಾಯಿಲೆಗೇ ಅಂತ ಅಲ್ಲಿ ಒಪ್ಪಿಗೆ ಸಿಕ್ಕ ಮೊದಲ ಔಷಧ ಅದು.

ಈ ಚರಿತ್ರೆಯಲ್ಲಿ ಬಂದವರನ್ನು ಮತ್ತೊಮ್ಮೆ ನೋಡಿ: ದೊರೆ, ಜೋ, ಇಸ್ಪೀಟಿನ ಅಧಿಕಾರಿ, ಸಿಡ್ನಿಯವನು, ನಮ್ಮ ದೊಡ್ಡಪ್ಪ. ಎಲ್ಲಾ ಗಂಡಸರೇ. ಹೆಂಗಸರ ಗೊರಕೆ ಎಷ್ಟೋ ಸಲ ಇಷ್ಟು ಜೋರಿರಲ್ಲ, ಕೇಳಿಸಿಕೊಳ್ಳಬೇಕಾದವನು ಪಕ್ಕದಲ್ಲಿ ಗಡದ್ದಾಗಿ ಮಲಗಿರ್ತಾನೆ. ಬೆಳಿಗ್ಗೆ ತಲೆನೋವು, ನಿದ್ದೆ ಬರಲ್ಲ, ಸುಸ್ತು ಅಂತ ಅವರು ಹೇಳಿಕೊಂಡರೆ ಕೈಗೆ ಸಿಗೋದು ಕಬ್ಬಿಣದ ಮಾತ್ರೆ, ಥೈರಾಯ್ಡ್ ಟೆಸ್ಟಿನ ಚೀಟಿ. ಮುಟ್ಟು ನಿಂತ ಮೇಲೆ ಅವರಲ್ಲೂ ಈ ಕಾಯಿಲೆ ಜಾಸ್ತಿಯಾಗುತ್ತೆ. ನಮ್ಮ ಅಮ್ಮಂದಿರಿಗೆ ಸ್ಲೀಪ್ ಟೆಸ್ಟ್ ಬರೆದುಕೊಟ್ಟ ಡಾಕ್ಟರು, ನಾನು ಕಂಡ ಮಟ್ಟಿಗೆ, ಇನ್ನೂ ಒಬ್ಬರೋ ಇಬ್ಬರೋ.