ಉಳಿಯ ಮೇಲಿನ ಮುದ್ರೆ

ಅನುಭವಸ್ಥ ಬಡಗಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸ ಉಳಿ ಕೊಟ್ಟರೆ ಆತ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಅಲಗು ನೇರವಾಗಿದೆಯೇ, ಹಿಡಿ ಭದ್ರವಾಗಿದೆಯೇ ಎಂಬುದು ಕಣ್ಣಿಗೆ ಕಾಣುವ ಸಂಗತಿ. ಉಕ್ಕಿನ ಹದ ಮಾತ್ರ ಕಾಣುವುದಿಲ್ಲ. ಗಡಸು ಹೆಚ್ಚಾದರೆ ಅಂಚು ಚಕ್ಕೆಯೆದ್ದು ಹೋಗುತ್ತದೆ. ಕಡಿಮೆಯಾದರೆ ಎರಡೇ ದಿನಕ್ಕೆ ಬಾಯಿ ಮೊಂಡಾಗುತ್ತದೆ. ಎರಡೂ ಗೊತ್ತಾಗುವುದು ದುಡ್ಡು ಕೊಟ್ಟು ತಂದು ಸಾಣೆ ಹಿಡಿದ ಮೇಲೆಯೇ. ಹಾಗಾಗಿ ಆತ ಅಲಗಿನ ಬುಡದಲ್ಲಿ ಒತ್ತಿರುವ ಮುದ್ರೆಯನ್ನು ಹುಡುಕುತ್ತಾನೆ. ಆ ಮುದ್ರೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗೆ ನಾಲ್ಕು ಶತಮಾನಗಳ ಇತಿಹಾಸವಿದೆ.

ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಕತ್ತರಿ, ಉಳಿಗಳಿಗೆ ಹೆಸರಾದ ಊರು. 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಅಲ್ಲಿ ‘ಕಟ್ಲರ್ಸ್ ಕಂಪೆನಿ’ ಎಂಬ ಕಸಬುದಾರರ ಸಂಘ ಸ್ಥಾಪನೆಯಾಯಿತು. ಕಸಬುದಾರ ತನ್ನದೇ ಗುರುತನ್ನು ಸಂಘದಲ್ಲಿ ನೋಂದಾಯಿಸಿ, ತಾನು ಮಾಡಿದ ಅಲಗಿನ ಮೇಲೆ ಒತ್ತಬೇಕಿತ್ತು. ಮಾಲು ಕಳಪೆಯಾದರೆ ಅದು ಯಾರ ಕುಲುಮೆಯಿಂದ ಬಂತೆಂದು ಗುರುತೇ ಹೇಳುತ್ತಿತ್ತು.

ಹಾಗೆಂದು ಮುದ್ರೆಯಿದ್ದಲ್ಲೆಲ್ಲ ಒಳ್ಳೆಯ ಉಕ್ಕು ಇತ್ತೆನ್ನುವಂತಿಲ್ಲ. ಆ ಕಾಲದಲ್ಲಿ ಕಬ್ಬಿಣದ ಪಟ್ಟಿಗಳನ್ನು ಇದ್ದಿಲಿನಲ್ಲಿ ಹುದುಗಿಸಿ ದಿನಗಟ್ಟಲೆ ಕಾಯಿಸಿ ಉಕ್ಕು ಮಾಡುತ್ತಿದ್ದರು. ಅದರ ಗುಣ ಪಟ್ಟಿಯ ಉದ್ದಕ್ಕೂ ಒಂದೇ ಸಮ ಇರುತ್ತಿರಲಿಲ್ಲ. ಗಡಿಯಾರದ ಸ್ಪ್ರಿಂಗಿಗೆ ಇದು ಆಗದೆಂದು ಬೇಸತ್ತ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ 1740ರ ದಶಕದಲ್ಲಿ ಉಕ್ಕನ್ನು ಮಣ್ಣಿನ ಮೂಸೆಯಲ್ಲಿ ಕರಗಿಸಿ ಎರಕ ಹೊಯ್ಯುವ ವಿಧಾನವನ್ನು ರೂಢಿಸಿದ. ಸ್ವಾರಸ್ಯವೆಂದರೆ ಶೆಫೀಲ್ಡಿನ ಕಸಬುದಾರರೇ ಅದು ತೀರಾ ಗಡಸು ಎಂದು ಮೂಗುಮುರಿದರು. ಹಂಟ್ಸ್‌ಮನ್ ತನ್ನ ಉಕ್ಕನ್ನು ಫ್ರಾನ್ಸಿಗೆ ಮಾರಿದ. ಅದರಿಂದ ತಯಾರಾದ ಅಲಗುಗಳು ಪೈಪೋಟಿಗೆ ನಿಂತಾಗ ಊರಿನವರ ಕಣ್ಣು ತೆರೆಯಿತು.

ಮೂಸೆಯ ಉಕ್ಕು ದಕ್ಷಿಣ ಭಾರತಕ್ಕೆ ಬಹಳ ಹಿಂದೆಯೇ ಗೊತ್ತಿತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಯೂರೋಪಿನವರು ಇದನ್ನು ‘ವೂಟ್ಸ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಶಬ್ದದ ಅಪಭ್ರಂಶವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಜೇಮ್ಸ್ ಸ್ಟೊಡಾರ್ಟ್ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ವೂಟ್ಸ್‌ನಿಂದಲೇ ಮಾಡಿ, ಆ ಹೆಸರನ್ನೇ ಜಾಹೀರಾತಿಗೆ ಬಳಸಿಕೊಂಡ.

ಹೆಸರಿಗೆ ಬೆಲೆ ಬಂದರೆ ನಕಲು ತಪ್ಪದು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಜೋಲಿಂಗನ್ ಊರಿನಿಂದ ಶೆಫೀಲ್ಡಿನ ಮುದ್ರೆ ಹೊತ್ತ ಅಗ್ಗದ ಚಾಕು ಕತ್ತರಿಗಳು ಪೇಟೆಗೆ ಬಂದವು. ಮೋಸ ಹೋದ ಗಿರಾಕಿ ಶಪಿಸುತ್ತಿದ್ದುದು ಮಾತ್ರ ಶೆಫೀಲ್ಡನ್ನು. ಅಲ್ಲಿಯ ಕಸಬುದಾರರ ಅನ್ನಕ್ಕೇ ಕಲ್ಲು ಬಿತ್ತು. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಹೋಗಿದ್ದ ಜರ್ಮನಿಯ ತಂತ್ರಜ್ಞ ಫ್ರಾನ್ಸ್ ರೂಲೋ ಕೂಡ ತನ್ನ ದೇಶದ ಸರಕು ಅಗ್ಗ, ಆದರೆ ಕಳಪೆ ಎಂದು ಬಹಿರಂಗವಾಗಿಯೇ ಬರೆದ. ಸ್ವದೇಶದಲ್ಲಿ ಅವನಿಗೆ ಬೈಗುಳ ಸಿಕ್ಕಿತು.

1887ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಸರಕು ಮುದ್ರೆಗಳ ಕಾಯ್ದೆಯನ್ನು ಜಾರಿಗೆ ತಂದಿತು. ಬ್ರಿಟಿಷ್ ಹೆಸರು, ಗುರುತು ಇರುವ ವಿದೇಶಿ ಸರಕು ತಾನು ತಯಾರಾದ ದೇಶವನ್ನು ಹೇಳಲೇಬೇಕಾಯಿತು. 1889ರಲ್ಲಿ ಭಾರತಕ್ಕೂ ಇಂಥದೇ ಕಾಯ್ದೆ ಬಂತು. ಕಳಪೆ ಮಾಲಿನ ಹಣೆಗೆ ಬರೆ ಎಳೆಯುವುದೇ ಉದ್ದೇಶ. ಆದದ್ದು ಬೇರೆ. ಜರ್ಮನ್ ಕಾರ್ಖಾನೆಗಳು ಗುಣಮಟ್ಟ ಸುಧಾರಿಸಿಕೊಂಡವು. ಕೆಲವೇ ವರ್ಷಗಳಲ್ಲಿ ‘ಮೇಡ್ ಇನ್ ಜರ್ಮನಿ’ ಎಂಬುದೇ ಹೆಮ್ಮೆಯ ಬಿರುದಾಯಿತು. ನಕಲಿಗೆ ಕುಖ್ಯಾತವಾಗಿದ್ದ ಜೋಲಿಂಗನ್ 1938ರಲ್ಲಿ ತನ್ನ ಹೆಸರನ್ನೇ ನಕಲಿಯಿಂದ ಕಾಪಾಡಲು ಕಾನೂನಿನ ಮೊರೆಹೊಕ್ಕಿತು!

ವಿದ್ಯುತ್ ಉಪಕರಣಗಳು ಬಂದ ಮೇಲೆ ಕಾಣದ ಸಂಗತಿಗಳು ಇನ್ನೂ ಹೆಚ್ಚಿದವು. 1895ರಲ್ಲಿ ಸ್ಟುಟ್‌ಗಾರ್ಟಿನ ಫೈನ್ ಕಂಪೆನಿ ತಯಾರಿಸಿದ ಕೈ ಡ್ರಿಲ್ಲಿನ ತೂಕ ಏಳೂವರೆ ಕಿಲೋ. ಪಿಸ್ತೂಲಿನಂಥ ಹಿಡಿ ಮತ್ತು ಕುದುರೆಯಿರುವ ಡ್ರಿಲ್ಲಿಗೆ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆಯಿತು. 1946ರಲ್ಲಿ ಮನೆಬಳಕೆಯ ಡ್ರಿಲ್ಲುಗಳನ್ನು ಮಾರುಕಟ್ಟೆಗೆ ತಂದಿತು. ಕಸಬು ಅರಿಯದ ಸಾಮಾನ್ಯ ಗೃಹಸ್ಥನ ಕೈಗೂ ಯಂತ್ರ ಬಂತು. ಉಳಿ ಕೆಟ್ಟದಾದರೆ ಮರ ಹಾಳು. ಡ್ರಿಲ್ಲಿನ ಒಳಗಿನ ತಂತಿ ಕೆಟ್ಟದಾದರೆ ಜೀವಕ್ಕೇ ಅಪಾಯ.

ಆದ್ದರಿಂದಲೇ ಈ ಯಂತ್ರಗಳ ಮೈಮೇಲೆ ಬೇರೊಂದು ಬಗೆಯ ಮುದ್ರೆ ಸೇರಿಕೊಂಡಿತು. ಹೆಸರಿನ ಪಟ್ಟಿಯ ಮೂಲೆಯಲ್ಲಿ ಚೌಕದೊಳಗೊಂದು ಚೌಕವಿದ್ದರೆ, ವಿದ್ಯುತ್ ತಗುಲದಂತೆ ಒಳಗೆ ಎರಡು ಪದರದ ರಕ್ಷಣೆಯಿದೆ ಎಂದರ್ಥ. ಸ್ವತಂತ್ರ ಭಾರತದಲ್ಲಿ 1952ರ ಕಾಯ್ದೆಯಿಂದ ಐಎಸ್‌ಐ ಮುದ್ರೆಗೆ ದಾರಿಯಾಯಿತು. 1987ರಲ್ಲಿ ಸಂಸ್ಥೆಯ ಹೆಸರು ಬದಲಾದರೂ ಮುದ್ರೆ ಅದೇ ಉಳಿದಿದೆ. ಇದನ್ನೂ ನಕಲು ಮಾಡುವವರಿದ್ದಾರೆ. ಅಸಲಿ ಮುದ್ರೆಯ ಮೇಲ್ಗಡೆ ಮಾನಕದ ಸಂಖ್ಯೆ, ಕೆಳಗಡೆ ತಯಾರಕರ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆ ಯಾರದೆಂಬುದನ್ನು ಈಗ ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ನೋಡಬಹುದು.